ಮೊಣಕಾಲಿಗೆ ಹಚ್ಚಿದ ಬಾಂಬು

ಮೂರು ವರ್ಷಗಳ ಹಿಂದಿನ ಮಾತು. ರಾಯಚೂರಿನಲ್ಲಿ ನಾನು ಎಲುಬು-ಕೀಲು ತಜ್ಞನಾಗಿ ಕೆಲಸ ಶುರುಮಾಡಿ ಆಗಲೇ ಇಪ್ಪತ್ತೆಂಟು ವರ್ಷ ಕಳೆದಿತ್ತು. ವಾರವೆಲ್ಲ ನಗರದ ನಮ್ಮ ನರ್ಸಿಂಗ್ ಹೋಮ್, ಬುಧವಾರ ಮಾತ್ರ ಮಾನ್ವಿಯಲ್ಲಿ ಹೊರರೋಗಿಗಳ ತಪಾಸಣೆ. ಟ್ರ್ಯಾಕ್ಟರಿನಿಂದ ಬಿದ್ದವರು, ಕಲ್ಮಲದ ರಸ್ತೆಯಲ್ಲಿ ಬೈಕು ಗುದ್ದಿಸಿಕೊಂಡವರು, ಭತ್ತದ ಮಿಲ್ಲಿನ ಬೆಲ್ಟಿಗೆ ಕೈ ಸಿಕ್ಕಿಸಿಕೊಂಡವರು, ಇಂಥವರನ್ನೆಲ್ಲ ನೋಡಿ ನೋಡಿ ನನ್ನನ್ನು ಬೆಚ್ಚಿಬೀಳಿಸುವಂಥದ್ದು ಇನ್ನೇನೂ ಉಳಿದಿಲ್ಲ ಎಂಬ ಜಂಬ ನನಗಿತ್ತು. ಒಂದು ಫೋನ್ ಕರೆಗೆ ಆ ಜಂಬ ಇಳಿದುಹೋಯಿತು.

ಈ ಪ್ರಕರಣದ ರೋಗಿಯನ್ನು ಅಮರಮ್ಮ ಎಂದು ಕರೆಯೋಣ, ಮನೆಯವರ ಹೆಸರುಗಳೂ ನಿಜವಲ್ಲ. ಆದದ್ದನ್ನೆಲ್ಲ ಬರೆಯಲೇ ಎಂದು ಇತ್ತೀಚೆಗೆ ಕೇಳಿದಾಗ, "ಬರೀರಿ ಸಾಹೇಬ್ರ, ಹೆಸರು ಮಾತ್ರ ಹಾಕಬ್ಯಾಡ್ರಿ" ಎಂದಿದ್ದಾಳೆ. ದೇವದುರ್ಗ ತಾಲೂಕಿನ ಒಂದು ಹಳ್ಳಿಯವಳು, ವಯಸ್ಸು ಅರವತ್ತು ದಾಟಿತ್ತು. ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು ಎರಡೂ ಮೊಣಕಾಲು ಸವೆಸಿಕೊಂಡಿದ್ದಳು. ಆ ಕರೆ ಬರುವುದಕ್ಕೆ ಒಂದು ವರ್ಷ ಮೊದಲು ನಾನೇ ಎರಡೂ ಕಡೆ ನೀ ರಿಪ್ಲೇಸ್‌ಮೆಂಟ್ ಮಾಡಿದ್ದೆ. ಎಂದರೆ ಸವೆದ ಕೀಲಿನ ತುದಿಗಳನ್ನು ಕತ್ತರಿಸಿ ತೆಗೆದು, ಮೇಲೊಂದು ಕೆಳಗೊಂದು ಲೋಹದ ಭಾಗ ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಇಡುವುದು. ಜನ ಇದಕ್ಕೆ ಇಂಪ್ಲಾಂಟ್ ಎನ್ನುವುದಿಲ್ಲ, "ಸ್ಟೀಲ್ ಹಾಕ್ಯಾರ" ಎನ್ನುತ್ತಾರೆ.

"ಸಾಹೇಬ್ರ, ಜಳಕ ಮಾಡಿದ್ರ ಒಳಗ ತುಕ್ಕು ಹಿಡಿಯಂಗಿಲ್ಲೇನ್ರಿ?" ಎಂದು ಹೊಲಿಗೆ ಬಿಚ್ಚಿದ ದಿನ ಕೇಳಿದ್ದಳು.

"ಹಿಡಿಯಂಗಿಲ್ಲ ಯವ್ವಾ. ನೀ ಜಳಕ ಮಾಡದಿದ್ರ ಮಂದಿ ಓಡಿಹೋಗ್ತಾರ, ಅಷ್ಟ" ಎಂದು ಚೇಷ್ಟೆ ಮಾಡಿದ್ದೆ. ವಾರ್ಡಿನವರೆಲ್ಲ ನಕ್ಕಿದ್ದರು.

ಆಕೆಯ ಮಗಳು ಮಂಜುಳಾಳ ಗಂಡ ಸೈನಿಕ, ಅಸ್ಸಾಮಿನಲ್ಲಿ ಕೆಲಸ. ಮಂಜುಳಾಳ ಮೊದಲ ಕೂಸು ಹುಟ್ಟುವಾಗಲೇ ತೀರಿಹೋಗಿತ್ತು. ಎರಡನೆಯ ಬಸುರಿನ ಕೊನೆಯ ತಿಂಗಳಿನಲ್ಲಿ ಬಿ.ಪಿ. ಏರಿತು. ಅಲ್ಲಿಯ ವೈದ್ಯರು ಒಂದು ಶುಕ್ರವಾರ ಬೆಳಿಗ್ಗೆಗೆ ಸಿಜೇರಿಯನ್ ನಿಗದಿ ಮಾಡಿದರು. ಹುಡುಗಿ ಹೆದರಿ ನಡುಗಿಹೋಗಿದ್ದಳು. "ಯವ್ವಾ, ನೀ ಬಂದು ಕೈ ಹಿಡದ ಮ್ಯಾಲೇ ನಾ ಒಳಗ ಹೋಗಾಕಿ" ಎಂದು ಫೋನಿನಲ್ಲಿ ಅತ್ತಳಂತೆ. ಅಳಿಯ ಅತ್ತೆಗೆ ಗುರುವಾರದ ವಿಮಾನದ ಟಿಕೆಟ್ ಕಳಿಸಿದ. ಅಮರಮ್ಮನ ಮಗ ಬಸವರಾಜ ಮಾನ್ವಿಯ ಸರ್ಕಾರಿ ಶಾಲೆಯಲ್ಲಿ ಮಾಸ್ತರು. ಅವನಿಗೆ ರಜೆ ಸಿಕ್ಕಿದ್ದು ತಡವಾಗಿ, ಹಾಗಾಗಿ ಅದೇ ವಿಮಾನಕ್ಕೆ ತನ್ನ ಟಿಕೆಟ್ಟನ್ನು ಬೇರೆಯಾಗಿ ತೆಗೆಸಿದ್ದ.

ಬುಧವಾರ ಮಾನ್ವಿಯಲ್ಲಿ ತಾಯಿ ಮಗ ಇಬ್ಬರೂ ನನ್ನ ಹತ್ತಿರ ಬಂದರು. ವಿಮಾನ ಹತ್ತಿದರೆ ಕಾಲಿಗೆ ಏನಾದರೂ ಆದೀತೆ ಎಂಬುದು ಆಕೆಯ ಚಿಂತೆ. ಕಾಲಿಗೇನೂ ಆಗುವುದಿಲ್ಲ, ಆದರೆ ತಪಾಸಣೆಯ ಬಾಗಿಲಿನಂಥ ಯಂತ್ರ ದಾಟುವಾಗ ಸದ್ದು ಮಾಡುತ್ತದೆ, ಆಗ ಹೆಂಗಸರನ್ನು ಪರದೆಯ ಹಿಂದೆ ಕರೆದೊಯ್ದು ಕೈಯಂತ್ರದಿಂದ ನೋಡುತ್ತಾರೆ, ಗಾಬರಿಯಾಗಬೇಡ, ಈ ಕಾರ್ಡು ತೋರಿಸು ಎಂದೆ. ಇಂಪ್ಲಾಂಟ್ ಕಾರ್ಡಿನಲ್ಲಿ ಯಾವ ಕೀಲಿಗೆ ಯಾವ ಲೋಹ ಹಾಕಿದೆ ಎಂಬುದೂ ನನ್ನ ಫೋನ್ ನಂಬರೂ ಇರುತ್ತವೆ. ಕಾರ್ಡು ಇದ್ದರೆ ತಪಾಸಣೆ ತಪ್ಪುವುದಿಲ್ಲ, ಯಂತ್ರ ಯಾಕೆ ಕೂಗಿತು ಎಂಬುದು ತಿಳಿಯುತ್ತದೆ, ಅಷ್ಟೇ.

ಮರುದಿನ ಮಧ್ಯಾಹ್ನ ರಾಯಚೂರಿನಲ್ಲಿ ಒಬ್ಬನ ಮುಂಗೈಗೆ ಪ್ಲಾಸ್ಟರ್ ಸುತ್ತುತ್ತಿದ್ದೆ. ಫೋನ್ ಬಂತು. ಹಿಂದಿಯಲ್ಲಿ ಒಬ್ಬ ಹೆಂಗಸಿನ ದನಿ: ವಿಮಾನ ನಿಲ್ದಾಣದ ಭದ್ರತಾ ಅಧಿಕಾರಿ. ಯಾವ ನಿಲ್ದಾಣ ಎಂಬುದು ಬೇಡ, ಇಲ್ಲಿಂದ ಕೆಲವೇ ತಾಸಿನ ದಾರಿ.

"ಅಮರಮ್ಮ ನಿಮ್ಮ ಪೇಷಂಟೇ? ಎರಡೂ ಮೊಣಕಾಲಿನಲ್ಲಿ ಲೋಹ ಇದೆಯೇ?"

"ಹೌದು, ನಾನೇ ಹಾಕಿದ್ದು."

"ಮತ್ತೆ ಬಾಂಬ್ ಇದೆ ಎನ್ನುತ್ತಿದ್ದಾರಲ್ಲ?"

ಕೈಯಲ್ಲಿದ್ದ ಒದ್ದೆ ಬ್ಯಾಂಡೇಜು ನೆಲಕ್ಕೆ ಬಿತ್ತು. ತಪ್ಪಾಗಿ ಕೇಳಿಸಿತೇನೋ ಎಂದು ಮತ್ತೆ ಕೇಳಿದೆ. ಆಕೆ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದರು. ಆ ದನಿಯಲ್ಲಿ ತಮಾಷೆಯ ಸುಳಿವೂ ಇರಲಿಲ್ಲ.

ಅಲ್ಲಿ ಆಗಿದ್ದನ್ನು ಆ ಅಧಿಕಾರಿಯಿಂದಲೂ ಆಮೇಲೆ ಅಮರಮ್ಮನಿಂದಲೂ ಕೇಳಿ ತಿಳಿದೆ. ಯಂತ್ರ ಕೂಗಿತು. ಪರದೆಯ ಹಿಂದೆ ಕೈಯಂತ್ರ ಹಿಡಿದಾಗ ಎರಡೂ ಮೊಣಕಾಲಿನ ಹತ್ತಿರ ಮತ್ತೆ ಕೂಗಿತು. ಅಧಿಕಾರಿ ಮೊಣಕಾಲು ಮುಟ್ಟಿ, ಇಲ್ಲೇನಿದೆ ಎಂದು ಹಿಂದಿಯಲ್ಲಿ ಕೇಳಿದರು. ಬಸ್ಸಿನಲ್ಲಿ ಕೂತು ಕೂತು ಕಾಲು ಜಡವಾಗಿ, ಅಮರಮ್ಮ ದಾರಿಯಲ್ಲಿ ನೋವಿನ ಮುಲಾಮು ತಿಕ್ಕಿಕೊಂಡಿದ್ದಳು. ಅದರ ವಾಸನೆಗೇ ಕೇಳುತ್ತಿದ್ದಾರೆ ಎಂದುಕೊಂಡು ಒಳ್ಳೆಯ ಮನಸ್ಸಿನಿಂದ ಹೇಳಿದಳು: "ಬಾಂಬ್ ಹಚ್ಚೀನ್ರಿ ಯವ್ವಾ. ಎರಡೂ ಕಾಲಿಗೆ ಹಚ್ಚೀನಿ."

ಬಾಂಬೇ ಎಂದು ಅವರು ಕಣ್ಣರಳಿಸಿ ಕೇಳಿದಾಗ, ಕೊನೆಗೂ ತನ್ನ ಮಾತು ತಿಳಿಯಿತಲ್ಲ ಎಂದು ಅಮರಮ್ಮ ಖುಷಿಯಿಂದ ಗೋಣು ಹಾಕಿದಳಂತೆ. "ಹಾಂ, ಹಾಂ, ಬಾಂಬ್."

ಅಲ್ಲಿಗೆ ಸೀಟಿ ಊದಿದರು. ಸಾಲು ನಿಂತಿತು, ಜನರನ್ನು ಹಿಂದಕ್ಕೆ ಸರಿಸಿದರು. ಕನ್ನಡ ಬಲ್ಲ ಸಿಬ್ಬಂದಿಯನ್ನು ಹುಡುಕಿ ತಂದರು. ಸಿಕ್ಕವನು ಬೆಂಗಳೂರು ಕಡೆಯ ಹುಡುಗ. ಕೆಲಸ ಇನ್ನೂ ಕೆಟ್ಟಿತು. ಹಚ್ಚುವುದು ಎಂದರೆ ಸವರುವುದೂ ಹೌದು, ಬೆಂಕಿ ಹೊತ್ತಿಸುವುದೂ ಹೌದು. ಬಾಂಬಿನ ಪಕ್ಕದಲ್ಲಿ ಆ ಮಾತು ಕೇಳಿದವನಿಗೆ ಎಣ್ಣೆ, ಮುಲಾಮು ನೆನಪಾದೀತೆ? ಎರಡೂ ಕಾಲಿಗೆ ಬಾಂಬ್ ಕಟ್ಟಿ ಹೊತ್ತಿಸಿದ್ದಾರಂತೆ ಎಂದು ಬೆವರುತ್ತ ಭಾಷಾಂತರ ಮಾಡಿದ. ಆಗ ಅಮರಮ್ಮನಿಗೆ ಕಾರ್ಡಿನ ನೆನಪಾಗಿ ತೆಗೆದುಕೊಟ್ಟಳು, ಅದರ ಮೇಲಿನ ನಂಬರಿಗೇ ಅಧಿಕಾರಿ ಕರೆ ಮಾಡಿದ್ದು.

"ಆಕೆ ಅಂದ ಮಾತನ್ನು ಹಾಗೇ ಹೇಳಿ, ಅರ್ಥ ಬೇಡ" ಎಂದೆ ನಾನು. ಅಧಿಕಾರಿ ಕಷ್ಟಪಟ್ಟು "ಬಾಂಬ್ ಹಚ್ಚೀನಿ" ಎಂದು ನುಡಿದರು. ಆಗ ನನಗೆ ಹೊಳೆಯಿತು. ನಮ್ಮ ಕಡೆ ತಲೆನೋವಿನ ಬಾಮ್ ಎಂಬುದು ಯಾರ ಬಾಯಲ್ಲೂ ಬಾಮ್ ಆಗಿ ಉಳಿದಿಲ್ಲ. ದೇವದುರ್ಗದ ಯಾವ ಕಿರಾಣಿ ಅಂಗಡಿಯಲ್ಲಿ ನಿಂತರೂ "ಒಂದು ಬಾಂಬ್ ಕೊಡ್ರಿ" ಎನ್ನುವುದು ಕೇಳುತ್ತದೆ, ಅಂಗಡಿಯವನು ಸಣ್ಣ ಸೀಸೆ ತೆಗೆದುಕೊಡುತ್ತಾನೆ, ಯಾರೂ ತಿರುಗಿ ನೋಡುವುದಿಲ್ಲ.

"ಮೇಡಂ, ಅದು ಬಾಮ್. ಕೈಚೀಲದಲ್ಲಿ ಸಣ್ಣ ಸೀಸೆ ಇರಬೇಕು, ನೋಡಿ. ಆಕೆಯ ಮೊಣಕಾಲನ್ನೊಮ್ಮೆ ಮೂಸಿ ನೋಡಿ."

"ಮೂಸಬೇಕೇ?"

"ದಯವಿಟ್ಟು ಮೂಸಿ."

ಆ ಕಡೆ ಚೀಲದ ಜಿಪ್ಪು ಎಳೆದ ಸದ್ದು ಕೇಳಿಸಿತು. ಆಮೇಲೆ ಅಧಿಕಾರಿ ಒಂದು ಸೀನು ಸೀನಿ, "ಹೌದು ಡಾಕ್ಟರ್, ಬಾಮ್" ಎಂದರು. ಆದರೆ ದನಿ ಇನ್ನೂ ಬಿಗಿಯಾಗಿಯೇ ಇತ್ತು. ಆ ಪದ ಒಮ್ಮೆ ಬಾಯಿಂದ ಬಂದಮೇಲೆ ಅದನ್ನು ಒಬ್ಬರೇ ಅಳಿಸಿಹಾಕುವಂತಿಲ್ಲ, ಹಿರಿಯ ಅಧಿಕಾರಿಗಳು ಕೂಡಿ ತೀರ್ಮಾನಿಸಬೇಕು, ಅಲ್ಲಿಯವರೆಗೆ ಆಕೆ ವಿಮಾನ ಹತ್ತುವಂತಿಲ್ಲ ಎಂದರು. ನಾನು ಮಗಳ ಸಿಜೇರಿಯನ್ನಿನ ಮಾತು ಹೇಳಿದೆ, ಬೇಡಿಕೊಂಡೆ ಎಂದರೂ ತಪ್ಪಿಲ್ಲ. ಅವರು ಅಮರಮ್ಮನಿಗೆ ಧೈರ್ಯ ಹೇಳಿ ಎಂದು ಫೋನನ್ನು ಸ್ಪೀಕರಿಗೆ ಹಾಕಿದರು.

"ಯವ್ವಾ, ಹೆದರಬ್ಯಾಡ. ನಿನ್ನ ಮಗ ಎಲ್ಲಿ? ಅವನ ಕೈಗೆ ಫೋನ್ ಕೊಡು."

"ನಾ ಒಬ್ಬಾಕೀನೇ ಬಂದೀನ್ರಿ ಸಾಹೇಬ್ರ."

ಹಿಂದಿನ ದಿನ ತಾನೇ ಇಬ್ಬರೂ ನನ್ನ ಎದುರು ಕೂತಿದ್ದರು. ಅದನ್ನು ಹೇಳಲು ಬಾಯಿ ತೆರೆದೆ. ಆಕೆ ನನ್ನ ಮಾತಿನ ಮೇಲೆಯೇ ಮತ್ತೊಮ್ಮೆ, ಈ ಸಲ ಗಟ್ಟಿಯಾಗಿ, "ಒಬ್ಬಾಕೀನೇ ಬಂದೀನ್ರಿ" ಎಂದಳು. ಆ ದನಿಗೆ ನಾನು ಬಾಯಿ ಮುಚ್ಚಿದೆ. ಮಗನಿಗೆ ಬೇರೆ ವಿಮಾನವಾಯಿತೇನೋ ಎಂದುಕೊಂಡೆ.

ವಿಮಾನ ಆಕೆಯನ್ನು ಬಿಟ್ಟು ಹೋಯಿತು. ಸಂಜೆ ಪೊಲೀಸರು ಹೇಳಿಕೆ ಬರೆಸಿಕೊಂಡು, ದುರುದ್ದೇಶವಿಲ್ಲ ಎಂದು ಕೇಸಿಲ್ಲದೆ ಕಳಿಸಿದರು. ಮೊಣಕಾಲು ಮೂಸಿದ ಆ ಅಧಿಕಾರಿಯೇ ಓಡಾಡಿ ಮರುದಿನ ಬೆಳಗಿನ ವಿಮಾನದಲ್ಲಿ ಜಾಗ ಮಾಡಿಕೊಟ್ಟರು, ಅವರ ಉಪಕಾರ ದೊಡ್ಡದು. ಆದರೆ ಅಮರಮ್ಮ ಅಸ್ಸಾಮಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಂಜುಳಾ ತಾಯಿಯ ಕೈ ಹಿಡಿಯದೆಯೇ ಒಳಗೆ ಹೋಗಿದ್ದಳು. ಹೆಣ್ಣು ಕೂಸು, ಬಾಣಂತಿ ಕೂಸು ಇಬ್ಬರೂ ಕ್ಷೇಮ ಎಂದು ಅಳಿಯ ಫೋನ್ ಮಾಡಿ ತಿಳಿಸಿದಾಗ ನಾನು ನಮ್ಮ ಸಿಬ್ಬಂದಿಗೆಲ್ಲ ಪೇಢೆ ಹಂಚಿದೆ. ಬಾಂಬಿನ ಕಥೆ ಹೇಳಿ ಎಲ್ಲರನ್ನೂ ನಗಿಸಿದೆ ಕೂಡ.

ಬಾಣಂತನ ಮುಗಿಸಿ ಊರಿಗೆ ಬಂದ ಅಮರಮ್ಮ ಒಂದು ದಿನ ರಾಯಚೂರಿಗೆ ಬಂದಳು. ಮಗ ಕರೆತಂದಿದ್ದ. ಅವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು. ಕಾಲು ತೋರಿಸು ಎಂದರೆ ಸೀರೆ ಸರಿಸಲಿಲ್ಲ.

"ಕಾಲು ಚಲೋ ಅದಾವ್ರಿ. ನಾ ಬಂದಿದ್ದು ಅದಕ್ಕಲ್ಲ. ಅವತ್ತ ಬಸವ ನನ್ನ ಜೋಡಿ ಇದ್ದ ಅನ್ನೋದು ನಿಮಗ ಗೊತ್ತದ. ಯಾರ ಮುಂದೂ ಅನಬ್ಯಾಡ್ರಿ."

ನನಗೆ ಅರ್ಥವಾಗಲಿಲ್ಲ. ಆಕೆ ಸೆರಗಿನ ತುದಿ ಸುತ್ತುತ್ತ ಹೇಳಿದಳು. ಗಂಡಸರ ಸಾಲಿನಿಂದ ಮಗ ಆಗಲೇ ದಾಟಿ, ತನ್ನ ಚೀಲ ತೆಗೆದುಕೊಂಡು ನಿಂತಿದ್ದ. ಸೀಟಿ ಊದಿ ಗದ್ದಲವಾದಾಗ ಈಕೆ ಅವನ ಕಡೆ ಕೈಮಾಡಿ, "ಅಂವ ನನ್ನ ಮಗ" ಎಂದಳು. ಭದ್ರತೆಯ ಜವಾನನೊಬ್ಬ ಹೋಗಿ, ಇವರು ನಿಮ್ಮವರೇ ಎಂದು ಅವನನ್ನು ಕೇಳಿದ. ಬಸವರಾಜ ಒಮ್ಮೆ ತಾಯಿಯನ್ನು ನೋಡಿ, ಅಲ್ಲ ಎಂದು ತಲೆಯಾಡಿಸಿದ.

"ಹಿಂದಿ ಬರ್ತದ್ರಿ ಅವಂಗ. ಬಾಂಬ್ ಅಂದ್ರ ಏನಂತ ಗೊತ್ತಿತ್ತು, ಸೀಸಾ ಅವನೇ ತಂದುಕೊಟ್ಟಿದ್ದ. ತಿರುಗಿ ನೋಡದ ಹೋದ್ನ್ರಿ."

ಬಾಂಬ್ ಎಂಬ ಪದ ಫೋನಿನಲ್ಲಿ ಕೇಳಿದಾಗಲೂ ನನಗೆ ಅಷ್ಟು ಆಘಾತವಾಗಿರಲಿಲ್ಲ. ಒಂದೇ ಒಂದು ಮಾತು ಸಾಕಿತ್ತು. ಅದನ್ನು ಹೇಳಬಲ್ಲವನು ಎದುರಿಗೇ ನಿಂತಿದ್ದ.

"ಸಿಟ್ಟು ಬರಲಿಲ್ಲೇನು ನಿನಗ?"

"ಬಂತ್ರೀ. ಬರದೇನು? ಆದ್ರ ಸರ್ಕಾರಿ ನೌಕರಿ ಅವಂದು, ಪೊಲೀಸ್ ಕೇಸ್ ಆದ್ರ ಹೋಗ್ತಿತ್ತು. ಇಬ್ರನ್ನೂ ಹಿಡಕೊಂಡು ಕೂಡಿಸಿದ್ರ ಮಗಳ ಹತ್ರ ಯಾರು ಇರ್ತಿದ್ರು? ಅದಕ್ಕ ಒಬ್ಬಾಕೀನೇ ಅಂದೆ." ಬಾಗಿಲಿನ ಕಡೆ ನೋಡಿ ಮತ್ತೆ ಹೇಳಿದಳು. "ನಾ ವಿಮಾನ ತಪ್ಪಿಸಿಕೊಂಡೆ ಅಂತ ಮಂಜಿಗೆ ಹೇಳ್ಯಾನ. ನಾನೂ ಹೂಂ ಅಂದೀನಿ. ಅಕಿ ಇನ್ನೂ ನನ್ನ ಮ್ಯಾಲೇ ಮುನಿಸಿಕೊಂಡಾಳ."

ಯಾರ ಮುಂದೂ ಅನ್ನುವುದಿಲ್ಲ ಎಂದು ಮಾತು ಕೊಟ್ಟೆ. ಆಕೆ ಔಷಧಿ ಕಿಟಕಿಯ ಕಡೆ ಹೋದಮೇಲೆ ಬಸವರಾಜ ಒಳಗೆ ಬಂದ. ತಾಯಿಯ ಕಾಲು ಹೇಗಿದೆ ಎಂದು ಕೇಳಿದ, ಚೆನ್ನಾಗಿದೆ ಎಂದೆ. ಹೋಗಲಿಲ್ಲ. ಮೇಜಿನ ಅಂಚು ಹಿಡಿದು ನಿಂತ.

"ಸರ್, ಅವತ್ತ ಫೋನಿನ್ಯಾಗ ಯವ್ವ ನನ್ನ ಬಗ್ಗೆ ಏನರ ಅಂದ್ಳೇನ್ರಿ?"

ಅವನ ಕಪಾಳಕ್ಕೆ ಬಿಗಿಯಬೇಕು ಎನ್ನುವಷ್ಟು ಸಿಟ್ಟು ಬಂದಿತ್ತು. ಆದರೆ ಮಾತು ಕೊಟ್ಟಿದ್ದೆ.

"ಏನೂ ಅನ್ನಲಿಲ್ಲ. ಒಬ್ಬಾಕೀನೇ ಬಂದೀನಿ ಅಂದಳು."

ಅವನ ಮುಖ ಬಿಳಿಚಿತು. ಕಣ್ಣು ಒರೆಸಿಕೊಂಡು ತಾಯಿ ನಿಂತ ಕಡೆಗೆ ಹೋದ.

ಇಂಪ್ಲಾಂಟ್ ಇದ್ದವರು ವಿಮಾನ ಹತ್ತುವ ಮುಂಚೆ ಬಂದರೆ ನಾನು ಈಗಲೂ ಕಾರ್ಡು ಕೊಡುತ್ತೇನೆ. ಬಾಂಬ್ ಅನ್ನಬೇಡಿ, ಮುಲಾಮು ಅನ್ನಿ ಎಂದು ತಿದ್ದುತ್ತೇನೆ. ಆಮೇಲೆ ಜೊತೆಗೆ ಹೋಗುವವರನ್ನು ಎದುರಿಗೆ ಕೂರಿಸಿಕೊಂಡು ಹಿಂದಿಯಲ್ಲಿ ಎರಡು ವಾಕ್ಯ ಬಾಯಿಪಾಠ ಮಾಡಿಸುತ್ತೇನೆ. "ಇವರು ನಮ್ಮ ತಾಯಿ. ಇವರ ಮೊಣಕಾಲಿನಲ್ಲಿ ಲೋಹ ಇದೆ." ಎರಡನೆಯದನ್ನು ತಪ್ಪಿ ಹೇಳಿದರೂ ಬಿಡುತ್ತೇನೆ. ಮೊದಲನೆಯದನ್ನು ಮಾತ್ರ ಗಟ್ಟಿಯಾಗಿ ಹೇಳುವವರೆಗೂ ಅವರನ್ನು ಏಳಗೊಡುವುದಿಲ್ಲ.