ಒಂದೇ ಡಬ್ಬದ ಎರಡು ಚೌಕ

ಗುಬ್ಬಿಯ ಶಾಲೆಯೊಂದರಲ್ಲಿ ಪಾಠ ಮಾಡುವ ನನ್ನ ಮಗಳು, ಕೊತ್ತಗೆರೆಯ ಗಂಡನ ಮನೆ ಬೇಡವೆಂದು ಉಪ್ಪಾರಹಳ್ಳಿಯ ನಮ್ಮ ಮನೆಗೆ ಬಂದಾಗ ಕೇಳಿದ್ದು ರಸ್ತೆ ಕಡೆಯ ರೂಮನ್ನು ಮಾತ್ರ. ಅದಕ್ಕೆ ಬೂದು ಬಣ್ಣ ಹೊಡೆಸಬೇಕು, ಸಿಮೆಂಟಿನಂತೆ ತಣ್ಣಗಿರಬಾರದು, ರಾಗಿ ಹಿಟ್ಟಿನ ಹಾಗೆ ಬೆಚ್ಚಗಿರಬೇಕು ಅಂದಳು. ಆಗಲಿ ಎಂದವನು ಎರಡು ತಿಂಗಳು ಎಳೆದೆ.

ಪೇಂಟರ್ ಗೋಡೆಯ ಮೇಲೆ ಅಂಗೈಯಗಲದ ನಾಲ್ಕು ಚೌಕ ಬಳಿದು ಪೆನ್ಸಿಲ್‌ನಲ್ಲಿ ನಂಬರ್ ಹಾಕಿದ. ಮಗಳು ಎರಡನೆಯದನ್ನು ತೋರಿಸಿದಳು. ಅದರಲ್ಲಿ ಹಳದಿ ಜಾಸ್ತಿ ಎಂದೆ. ಮೂರನೆಯದು ಮಣ್ಣು, ನಾಲ್ಕನೆಯದು ಮಸಿ. ಬಿಸಿಲಲ್ಲಿ ಒಂದು ಥರ, ಟ್ಯೂಬ್‌ಲೈಟ್ ಹಾಕಿದರೆ ಇನ್ನೊಂದು ಥರ ಎಂದು ತಕರಾರು ತೆಗೆದೆ. ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಮಾಲು ಚೆಕ್ ಮಾಡಿ ರಿಜೆಕ್ಟ್ ಮಾಡುವುದೇ ನನ್ನ ಕೆಲಸವಾಗಿತ್ತು. ಮನೆಯಲ್ಲಿ ನನ್ನ ಕಣ್ಣನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ.

ನಿಜವೆಂದರೆ ನನಗೆ ನಾಲ್ಕೂ ಒಂದೇ ಥರ ಕಾಣುತ್ತಿದ್ದವು. ನೋಡಿ ನೋಡಿ ತಲೆ ಕೆಡುತ್ತಿತ್ತು. ರೂಮಿಗೆ ಬಣ್ಣ ಹೊಡೆಸಿದರೆ, ಮಗಳು ಗಂಡನನ್ನು ಬಿಟ್ಟು ಬಂದಿದ್ದಾಳೆಂದು ಬೀದಿಗೆಲ್ಲ ನಾನೇ ಸಾರಿದಂತಾಗುತ್ತದೆ ಎಂಬ ಅಂಜಿಕೆ. ಅದನ್ನು ಹೇಳುವ ಧೈರ್ಯವಿಲ್ಲದೆ ತಪ್ಪನ್ನೆಲ್ಲ ಬಣ್ಣದ ಮೇಲೆ ಹಾಕಿದೆ.

ಪೇಂಟರ್‌ಗೂ ರೋಸಿಹೋಯಿತು. ಒಂದು ಶನಿವಾರ ಐದು, ಆರು ಎಂದು ಮತ್ತೆರಡು ಚೌಕ ಬಳಿದ.

“ಐದು ಪರವಾಗಿಲ್ಲ. ಆರರಲ್ಲಿ ಕೆಂಪು ಜಾಸ್ತಿ,” ಎಂದೆ.

“ಯಜಮಾನ್ರೇ, ಎರಡೂ ಒಂದೇ ಡಬ್ಬದ್ದು,” ಅಂದ, ಬ್ರಷ್ ಒರೆಸುತ್ತಾ. “ಅವತ್ತು ಅಕ್ಕಾವ್ರು ತೋರ್ಸಿದ್ರಲ್ಲ, ಅದೇ ಎರಡನೇ ನಂಬರ್ರು.”

ಬಾಗಿಲಲ್ಲಿ ನಿಂತಿದ್ದ ಮಗಳು ನಗಲಿಲ್ಲ. “ನಾನು ಇಲ್ಲಿರೋದು ಇಷ್ಟ ಇಲ್ಲ ಅಂದ್ರೆ ಬಾಯ್ಬಿಟ್ಟು ಹೇಳ್ಬೇಕಿತ್ತು ಕಣಪ್ಪ. ಪಾಪ, ಇವ್ರನ್ನ ಯಾಕೆ ಸತಾಯಿಸ್ದೆ? ಬುಡು, ಗುಬ್ಬೀಲೇ ರೂಮ್ ನೋಡ್ಕೋತೀನಿ.”

ಹಾಗಲ್ಲಮ್ಮ, ಇಲ್ಲೇ ಇರು ಅನ್ನಬೇಕಿತ್ತು. ಮುಂದಿನ ವಾರ ಅವಳು ಹೋದಳು.

ರೂಮಿಗೆ ಎರಡನೇ ನಂಬರನ್ನೇ ಹೊಡೆಸಿದ್ದೇನೆ. ಭಾನುವಾರ ಬರುತ್ತಾಳೆ, ಹಾಲ್‌ನಲ್ಲೇ ಕೂತು ಕಾಫಿ ಕುಡಿದು ಸಂಜೆ ಬಸ್ಸಿಗೆ ಹೊರಡುತ್ತಾಳೆ. ರೂಮಿನ ಬಾಗಿಲು ತೆರೆದಿಟ್ಟಿರುತ್ತೇನೆ. ಬಾ ನೋಡು ಎಂದು ಕರೆಯಲಾರೆ. ಹೋದ ವಾರ ಚಪ್ಪಲಿ ಮೆಟ್ಟುತ್ತಾ ಒಳಗೆ ಕಣ್ಣು ಹಾಯಿಸಿ, “ಹಳದಿ ಜಾಸ್ತಿ ಆಯ್ತಲ್ವೇನಪ್ಪ?” ಅಂದಳು.

ತಪ್ಪಾಯಿತು ಅನ್ನಲು ಅದೇ ಸಮಯವಾಗಿತ್ತು. ನಾನು, “ಬಸ್ಸಿಗೆ ಹೊತ್ತಾಯ್ತು ನೋಡು,” ಎಂದುಬಿಟ್ಟೆ.