ಫ್ರಿಜ್ ಮುಂದಿನ ಭಾನುವಾರ

ಕೋಲ್ಕತ್ತಾದ ಲೇಕ್ ಮಾರ್ಕೆಟ್ಟಿನಲ್ಲಿ ಕರಿಬೇವು ಆರಿಸಿ ತಿರುಗಿದರೆ ಗಂಡ ನಾಪತ್ತೆ. ತಂಪು ಪಾನೀಯದ ದೊಡ್ಡ ಕಂಪನಿಯಲ್ಲಿ ಸೇಲ್ಸ್ ಕೆಲಸ ಅವರದು. ಪಕ್ಕದ ಅಂಗಡಿಯ ಫ್ರಿಜ್ ತೆರೆದು ತಮ್ಮ ಬಾಟಲಿಗಳನ್ನು ಮುಂದಕ್ಕೆಳೆದು, ಎದುರಾಳಿ ಕಂಪನಿಯವನ್ನು ಹಿಂದಕ್ಕೆ ತಳ್ಳುತ್ತಿದ್ದರು.

“ರೀ, ಇವತ್ತು ಭಾನುವಾರ!”

“ಒಂದೇ ಫೋಟೊ ಕಣೇ, ಸಾಹೇಬ್ರು ಕೇಳ್ತಿದಾರೆ.”

ಫೋಟೊ ತೆಗೆಯುವಷ್ಟರಲ್ಲಿ ತರಕಾರಿ ಚೀಲ ಹಿಡಿದ ಬಂಗಾಳಿಯೊಬ್ಬರು ನುಗ್ಗಿ ಬಾಟಲಿಗಳನ್ನೆಲ್ಲ ಅದಲುಬದಲು ಮಾಡಿ, ತಮ್ಮ ಫೋನನ್ನೂ ಹೊರತೆಗೆದರು. ಅವರು ಆ ಎದುರಾಳಿ ಕಂಪನಿಯವರು! ನನ್ನವರು ಬಿಡುತ್ತಾರೆಯೇ? ಮತ್ತೆ ಮೊದಲಿಂದ ಶುರು.

ಹಿಂದೆ ನಿಂತಿದ್ದ ಆ ಬಂಗಾಳಿಯವರ ಹೆಂಡತಿ ನನ್ನ ಮುಖ ನೋಡಿ, “ನಿಮ್ಮವರಿಗೂ ಇವತ್ತು ರಜೆಯಾ?” ಎಂದು ಹಿಂದಿಯಲ್ಲಿ ಕೇಳಿದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಈಗ ಪ್ರತಿ ಭಾನುವಾರ ಗಂಡಂದಿರನ್ನು ಆ ಫ್ರಿಜ್ ಮುಂದೆ ಬಿಟ್ಟು ನಾವಿಬ್ಬರೂ ಎಳನೀರು ಕುಡಿಯಲು ಹೋಗುತ್ತೇವೆ. ಕಂಪನಿ ಕೊಟ್ಟ ರಜೆ ನಮಗಾದರೂ ಸಿಕ್ಕಿತು.