ಮೈಕಿನಲ್ಲಿ ಓದಿದ ಹೆಸರು

ಎರಡು ವರ್ಷದ ಹಿಂದಿನ ಮಾತು. ತಿಪಟೂರಿನ ನಮ್ಮ ಚರ್ಚಿನ ಪುರುಷರ ಸಂಘಕ್ಕೆ ಆಗ ನಮ್ಮ ಯಜಮಾನರೇ ಕಾರ್ಯದರ್ಶಿ. ಓದುವ ಮಕ್ಕಳಿಗೆ ನೆರವಾಗುವುದು ಸಂಘದ ಕೆಲಸ. ಸಂಜೆ ಚರ್ಚಿನ ಹಾಲಿನಲ್ಲಿ ಮಕ್ಕಳನ್ನು ಕೂರಿಸಿ ಓದಿಸುತ್ತಾರೆ, ತಿಂಗಳಿಗೊಮ್ಮೆ ಮಕ್ಕಳ ತಂದೆಯರ ಜೊತೆ ಒಂದೇ ಚಾಪೆಯಲ್ಲಿ ಕೂತು ತಿಂಡಿ ತಿನ್ನುತ್ತಾರೆ. ಉಪ್ಪಿಟ್ಟು ನನ್ನದು. ಅಕ್ಷರ ದುಂಡಗಿದೆ ಎಂದು ಭಾನುವಾರದ ಪೂಜೆಯಲ್ಲಿ ಓದುವ ಪ್ರಾರ್ಥನೆಯ ಚೀಟಿ ಬರೆಯುವುದೂ ನನ್ನದೇ.

ಒಂದು ಸೋಮವಾರ ದೋಸೆಗೆ ಅಕ್ಕಿ ತೊಳೆಯುತ್ತಿದ್ದೆ. ಸಂಘದ ಚಿನ್ನಪ್ಪಣ್ಣ ಹಿತ್ತಲ ಬಾಗಿಲಲ್ಲೇ ನಿಂತು, "ಅಂತೋಣಿ ಮಗಳನ್ನ ಇನ್ ಕಳಿಸಲ್ವಂತೆ ಕಣಮ್ಮ. ಕಾಲೇಜಿಗೂ ಇಲ್ಲ, ನಮ್ ಹಾಲಿಗೂ ಇಲ್ಲ," ಎಂದರು.

ಅಂತೋಣಿ ಬಿಳಿಗೆರೆ ಕಡೆಯವನು, ತೆಂಗಿನಕಾಯಿ ಸುಲಿಯುವ ಕೆಲಸ. ಮಗಳು ರೀಟಾ ಎರಡನೇ ಪಿಯುಸಿ. ಪರೀಕ್ಷೆಗೆ ಉಳಿದಿದ್ದು ಮೂರೇ ವಾರ.

ಕೈಲಿದ್ದ ಪಾತ್ರೆ ಕೆಳಗಿಟ್ಟೆ. ಆದದ್ದೇನೆಂದು ಕೇಳಬೇಕಾಗಿರಲಿಲ್ಲ. ಹಿಂದಿನ ತಿಂಡಿಯ ದಿನ ಅಂತೋಣಿ ತಲೆ ತಗ್ಗಿಸಿ, ಕುಡಿಯುವುದು ಬಿಟ್ಟು ಎಂಟು ದಿನವಾಯಿತು ಎಂದಿದ್ದ. ಗಂಡಸರಿಗೆಲ್ಲ ಸಂತೋಷವಾಯಿತು. ಪೂಜೆಯಲ್ಲಿ ಅವನಿಗಾಗಿ ಬೇಡಿಕೊಳ್ಳೋಣ ಎಂದರು. "ಕುಡಿತದಿಂದ ಹೊರಬಂದ ಸಹೋದರ ಅಂತೋಣಿಗಾಗಿ" ಎಂದು ನಾನೇ ಬರೆದೆ. ಹಿಂದಿನ ದಿನವಷ್ಟೇ, ಭಾನುವಾರ, ಅದನ್ನು ಇಡೀ ಚರ್ಚು ಮೈಕಿನಲ್ಲಿ ಕೇಳಿತು.

ಯಜಮಾನರೂ ನಾನೂ ಮಧ್ಯಾಹ್ನ ಅವನ ಮನೆಗೆ ಹೋದೆವು. ಅವನು ಕುಡಿದಿದ್ದ.

"ನಾವು ಒಳ್ಳೇದಕ್ಕೇ..." ಎಂದು ಇವರು ಶುರು ಮಾಡಿದರು.

"ಒಳ್ಳೇದಕ್ಕೇ ಬುಡಿ ಸಾರ್. ಬೆಳಿಗ್ಗೆ ಮಂಡೀಲಿ ಎಲ್ರೂ ನಂಗೆ 'ಸ್ವಾಮ್ಗೋಳೇ, ಆಶೀರ್ವಾದ ಮಾಡಿ' ಅಂತ ಕೈ ಮುಗುದ್ರು. ಚಾಪೆ ಮೇಲೆ ನಿಮ್ ಪಕ್ಕ ಕೂತು ಹೇಳಿದ್ದು ಅದು. ಊರಿಗೆ ಹೇಳಿದ್ದಲ್ಲ."

"ಚೀಟಿ ಬರೆದೋಳು ನಾನು ಕಣಪ್ಪ. ತಪ್ಪು ನಂದು. ಮಗೂನ ಓದು ನಿಲ್ಲಿಸಬೇಡ," ಎಂದೆ.

ಬಾಗಿಲ ಮರೆಯಿಂದ ರೀಟಾ ಹೇಳಿದಳು: "ಅಪ್ಪನ್ನ ಆಡ್ಕಂಡ ಜಾಗಕ್ಕೆ ನಾನೊಬ್ಳೇ ಬರಲ್ಲ ಆಂಟಿ."

ಹಾಗೇ ಹಿಂದಿರುಗಿದೆವು. ಮೂರು ದಿನ ಜಪಸರ ಹಿಡಿದರೂ ಮನಸ್ಸು ನಿಲ್ಲಲಿಲ್ಲ. ನಾಲ್ಕನೇ ಸಂಜೆ ಹಾಲಿನ ಮುಂದೆ ಸೈಕಲ್ ನಿಂತಿತು. ರೀಟಾ ಪುಸ್ತಕದೊಂದಿಗೆ ಒಳಗೆ ಬಂದಳು. ಅಂತೋಣಿ ಹೊರಗೆ ಮೆಟ್ಟಿಲ ಮೇಲೆ ಕೂತ. ಅವಳ ಓದು ಮುಗಿಯುವವರೆಗೂ ಕೂತಿದ್ದ. ಪರೀಕ್ಷೆಯವರೆಗೆ ದಿನವೂ ಹಾಗೇ ನಡೆಯಿತು. ಕೆಲವು ದಿನ ಬಾಯಿ ವಾಸನೆ ಬರುತ್ತಿತ್ತು, ಕೆಲವು ದಿನ ಇಲ್ಲ. ಇಲ್ಲದ ದಿನಗಳನ್ನು ನಾನು ದೇವರ ದಯೆ ಎಂದುಕೊಳ್ಳುತ್ತಿದ್ದೆ.

ರೀಟಾ ಪಾಸಾದಳು. ಈಗ ನರ್ಸಿಂಗ್ ಓದುತ್ತಿದ್ದಾಳೆ. ಫಲಿತಾಂಶ ಬಂದ ದಿನ ಅಪ್ಪ ಮಗಳು ನಮ್ಮ ಮನೆಗೆ ಮೈಸೂರು ಪಾಕ್ ತಂದರು. ಅವನು ಗೇಟಿನ ಆಚೆಯೇ ನಿಂತ.

"ಒಳಗ್ ಬಾ ಕಣಪ್ಪ. ಶನಿವಾರ ತಿಂಡಿಗೂ ಬಾ," ಎಂದೆ.

"ಅವ್ಳು ಬತ್ತಾಳೆ ಬುಡಕ್ಕ. ನಾನು ಇಲ್ಲೇ ಸರಿ."

ಚಾಪೆಗೆ ಅವನು ಇಂದಿಗೂ ಮರಳಿಲ್ಲ. ನಂಬಿ ಹೇಳಿದ ಮಾತನ್ನು ಪ್ರಾರ್ಥನೆಯ ಹೆಸರಲ್ಲೂ ಹೊರಗೆ ಹಾಕಬಾರದೆಂದು ನಾನು ಕಲಿತದ್ದು ಅವನ ಮರ್ಯಾದೆ ಹೋದ ಮೇಲೆ. ಈಗ ಚೀಟಿಯಲ್ಲಿ ಯಾರ ಹೆಸರೂ ಬರೆಯುವುದಿಲ್ಲ. ಅವನ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ.

ಆ ದಿನ ಅವರ ಸೈಕಲ್ ತಿರುವು ದಾಟುವವರೆಗೆ ನೋಡಿ, ಬಕೆಟ್ಟಿನಲ್ಲಿದ್ದ ಬಟ್ಟೆ ಹಿಂಡಲು ಹಿತ್ತಲಿಗೆ ಹೋದೆ.